ಪಪ್ಪಾಯಿ ಅಂಚಿನ ನಿಲುವಂಗಿ

ದೋಹಾದ ನಜ್ಮಾ ಬಡಾವಣೆಯ ದರ್ಜಿ ಅಣ್ಣು ಮಾಟ ಮಾಡುತ್ತಾರೆ ಎಂದು ನಾನು ಕೆಲವು ದಿನ ನಿಜವಾಗಿ ನಂಬಿದ್ದೆ. ಫುಟ್‌ಬಾಲ್ ವಿಶ್ವಕಪ್ಪಿನ ನವೆಂಬರ್. ಕಂಪನಿಯ ದೊಡ್ಡವರ ಜೊತೆ ಮ್ಯಾಚು ನೋಡುವ ಗೌರವ ಸಿಕ್ಕಿತ್ತು. ಆ ಗೌರವಕ್ಕೆ ತಕ್ಕ ಪ್ಯಾಂಟಿನ ಸೊಂಟ ಬಿಗಿಯಾಗಿತ್ತು. ಸಡಿಲ ಮಾಡಿಸಲೆಂದು ಹೋದರೆ ಅಂಗಡಿಯ ಮೂಲೆಯಲ್ಲಿ ಒಂದು ಹೆಣ್ಣು ಗೊಂಬೆ. ಮುದ್ದಾದ ಮುಖ, ಜೋಡಿಸಿದ ಕೈ, ಸೊಂಟದ ಕೆಳಗೆ ಬರೀ ಕೋಲುಗಳು. ಆಫೀಸಿನಲ್ಲಿ ಎಲ್ಲರನ್ನೂ ಹೆದರಿಸುವ ನಾನು ಪ್ಯಾಂಟನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಜಾಗ ಖಾಲಿ ಮಾಡಿದೆ.

ಮ್ಯಾಚಿನ ದಿನ ಹತ್ತಿರವಾದಾಗ ಧೈರ್ಯ ಮಾಡಿ ಹೋಗಿ ಕೇಳಿಯೇಬಿಟ್ಟೆ.

"ಮಾಟವಾ?" ಅಣ್ಣು ಬಾಯಲ್ಲಿದ್ದ ಗುಂಡುಸೂಜಿ ತೆಗೆದರು. "ಪಕ್ಕದ ಸಲೂನಿನ ಸಿಸಿಲಿಯಾ ಉಂಟಲ್ಲ, ಫಿಲಿಪೈನ್ಸ್‌ನವಳು, ಅವಳ ಮೇರಿ ಮಾತೆ ಮಾರಾಯ್ರೆ. ಸ್ಪೇನಿನವರ ಕಾಲದಿಂದ ಅವರಲ್ಲಿ ಹೀಗೆಯೇ ಅಂತೆ. ಕಾಣುವ ಮುಖ, ಕೈ ಮಾತ್ರ ಕೆತ್ತುವುದು. ಉಳಿದದ್ದೆಲ್ಲ ದರ್ಜಿಗೆ ಬಿಟ್ಟದ್ದು."

ಹೇಳುತ್ತಾ ಅವರ ಮುಖ ಬಾಡಿತು. ಮೂಲ್ಕಿ ಕಡೆಯ ಈ ಮನುಷ್ಯ ದೋಹಾಕ್ಕೆ ಬಂದು ತಲೆ ಬೆಳ್ಳಗೆ ಮಾಡಿಕೊಂಡವರು. ಯಾರ ಬಟ್ಟೆಯನ್ನೂ ಕೆಡಿಸಿದವರಲ್ಲ. ಈಗ ಕೆಡಿಸಿದ್ದರು. ಜೆರ್ಸಿಗಳಿಗೆ ಹತ್ತನೇ ನಂಬರು ಅಂಟಿಸಲು ಇಸ್ತ್ರಿಯನ್ನು ಪೂರ್ತಿ ಕಾಯಿಸಿ, ಅದೇ ಕಾವಿನಲ್ಲಿ ಮಾತೆಯ ನೀಲಿ ರೇಷ್ಮೆಯ ಮೇಲೆ ಇಟ್ಟುಬಿಟ್ಟಿದ್ದರು. ಅಂಚಿನಲ್ಲಿ ಇಸ್ತ್ರಿಯ ಮೂತಿಯಷ್ಟು ಕಪ್ಪು. ಅದು ಸಿಸಿಲಿಯಾಳ ಅಜ್ಜಿ ಹೊಲಿದ ನಿಲುವಂಗಿ, ಅಂಚು ಬಿಚ್ಚಿತ್ತೆಂದು ಸರಿಮಾಡಲು ಕೊಟ್ಟದ್ದು. ಡಿಸೆಂಬರ್ ಎಂಟರ ಮಾತೆಯ ಹಬ್ಬಕ್ಕೆ ಅವಳ ರೂಮಿನಲ್ಲಿ ಪ್ರಾರ್ಥನೆ, ಅಷ್ಟರೊಳಗೆ ಬೇಕು.

"ಹೊಸದು ಹೊಲಿದು ಕೊಡಿ" ಎಂದೆ, ಮ್ಯಾನೇಜರಿನ ಗತ್ತಿನಲ್ಲಿ.

"ಹೊಸ ಅಜ್ಜಿ ಎಲ್ಲಿಂದ ತರುವುದು?"

ಸಿಸಿಲಿಯಾ ಹಿಂದೆ ಅಣ್ಣುವಿನ ಮೊಬೈಲಿಗೆ ತನ್ನೂರಿನ ಚರ್ಚಿನ ಫೋಟೋಗಳನ್ನು ಕಳಿಸಿದ್ದಳು. ಅಣ್ಣು ಅವನ್ನು ದೊಡ್ಡದು ಮಾಡಿ ತೋರಿಸಿದರು. ಕೋಟೆಯಂಥ ದಪ್ಪ ಗೋಡೆ. ಎರಡು ಗೋಪುರ, ಒಂದು ಎತ್ತರ, ಒಂದು ಗಿಡ್ಡ. ಬಾಗಿಲಿನ ಮೇಲೆ ಮಗುವನ್ನು ಹೊತ್ತು ಹೊಳೆ ದಾಟುವ ಸಂತ, ಅವನ ಕೈಗೆ ಆಸರೆ ತೆಂಗಿನ ಮರ. ಸುತ್ತ ಕಲ್ಲಿನ ಪಪ್ಪಾಯಿ ಗಿಡಗಳು, ಕಾಯಿ ಸಮೇತ. ನಾನು ಯುರೋಪಿನ ಬರೋಕ್ ಶೈಲಿಯ ಬಗ್ಗೆ ನಾಲ್ಕು ಮಾತು ಶುರು ಮಾಡಿದೆ. ಅಣ್ಣು ಕೇಳಿಸಿಕೊಳ್ಳಲಿಲ್ಲ.

"ನಕ್ಷೆ ಸ್ಪೇನಿನ ಪಾದ್ರಿ ಕೊಟ್ಟಿರಬಹುದು. ಕಲ್ಲು ಕೆತ್ತುವವ ತನ್ನ ಹಿತ್ತಿಲನ್ನೇ ಕೆತ್ತಿದ್ದಾನೆ ನೋಡಿ! ಈ ಕಾಯಿ ಎಡಕ್ಕೆ ವಾಲಿದೆ. ಎಷ್ಟು ಚಂದ!"

ಆ ಗೋಡೆಯನ್ನೇ ಅವರು ನಿಲುವಂಗಿಯ ಅಂಚಿಗೆ ಇಳಿಸಿದರು. ಸುಟ್ಟ ಜಾಗದ ಮೇಲೆ ಪಪ್ಪಾಯಿ ಗಿಡ, ಅದರ ಪಕ್ಕ ತೆಂಗು, ಹೀಗೆ ಅಂಚಿನ ಸುತ್ತಲೂ ಚಿನ್ನದ ಬಣ್ಣದ ಕಸೂತಿ. ಜೆರ್ಸಿಯವರು ಬಾಗಿಲಲ್ಲಿ ನಿಂತು ಗಲಾಟೆ ಮಾಡಿದರೆ "ಮಾಫಿ, ಇವತ್ತು ಇಲ್ಲ, ನಾಳೆ ಬನ್ನಿ" ಎಂದಷ್ಟೇ.

ಸಿಸಿಲಿಯಾ ಬಂದ ಸಂಜೆ ನಾನು ಪ್ಯಾಂಟಿನ ನೆಪದಲ್ಲಿ ಅಲ್ಲೇ ಕೂತಿದ್ದೆ. ಅಣ್ಣು ಕಸೂತಿ ತೋರಿಸಲಿಲ್ಲ. ಅಂಚು ಮಗುಚಿ ಮೊದಲು ಒಳಗಿನ ಕಪ್ಪು ಕಲೆ ತೋರಿಸಿ, "ನಾನೇ ಸುಟ್ಟದ್ದು" ಎಂದರು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಬಟ್ಟೆಯನ್ನು ಈಚೆ ತಿರುಗಿಸಿದಳು. ಬೆರಳು ತೆಂಗಿನ ಮೇಲೆ ಹೋಯಿತು, ಪಪ್ಪಾಯಿಯ ಮೇಲೆ ನಿಂತಿತು.

"ಅಣ್ಣು ಭಾಯ್, ಇದೂ ಎಡಕ್ಕೇ ವಾಲಿದೆ!"

"ಅಲ್ಲಿ ವಾಲಿದೆ. ಅದಕ್ಕೆ ಇಲ್ಲೂ."

ಅವಳು ಅಳುತ್ತಲೇ ನಕ್ಕಳು. ಅಜ್ಜಿ ಪ್ರತಿ ಭಾನುವಾರ ಆ ಪಪ್ಪಾಯಿಯ ಕೆಳಗೇ ಕೂರುತ್ತಿದ್ದಳಂತೆ. ಮಾತೆಯನ್ನು ಎತ್ತಿಕೊಂಡು ಅವಳು ಹೋದ ಮೇಲೆ ಅಣ್ಣು ಸ್ಟೂಲಿನ ಮೇಲೆ ಕುಸಿದು ಕೂತು, ನನ್ನ ಚಹಾವನ್ನು ಕೇಳದೆಯೇ ಕುಡಿದು ಮುಗಿಸಿದರು. ಆಮೇಲೆ ಟೇಪು ಹಿಡಿದು ನನ್ನ ಸೊಂಟಕ್ಕೆ ಬಂದರು. ಈ ಘಳಿಗೆಗೆ ಒಂದು ಗಹನವಾದ ಪ್ರಶ್ನೆ ಬೇಕೆನಿಸಿತು ನನಗೆ.

"ಅಣ್ಣು ಅವರೇ, ದೇವರಿಗೆ ಹೊಲಿಯೋದಕ್ಕೂ ಮನುಷ್ಯರಿಗೆ ಹೊಲಿಯೋದಕ್ಕೂ ಏನು ವ್ಯತ್ಯಾಸ?"

"ದೇವರು ಅಳತೆ ತೆಗೆಯುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳುವುದಿಲ್ಲ. ಉಸಿರು ಬಿಡಿ."