ಮಾವನವರ ಎತ್ತುಗಳಿದ್ದ ಕಂಪ್ಯೂಟರ್

ಕೊಟ್ಟೂರಿನಲ್ಲಿ ನಾನು ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಹಾಗಾಗಿ ಮನೆಯಲ್ಲಿ ಮಿಕ್ಸರ್ ಕೆಟ್ಟರೂ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ. ನನಗೂ ಯಾವುದನ್ನಾದರೂ ಬಿಚ್ಚಿ ನೋಡದಿದ್ದರೆ ಕೈ ಸುಮ್ಮನಿರುವುದಿಲ್ಲ. ನಮ್ಮ ಹಳೆಯ ಕಂಪ್ಯೂಟರನ್ನು ಕೆಡಿಸಿದ್ದೂ ಈ ಕೈಯೇ. ತುಂಬಾ ನಿಧಾನವಾಗಿದೆ ಎಂದು ಒಂದು ಶುಕ್ರವಾರ ಬೇಡದ ತಂತ್ರಾಂಶಗಳನ್ನೆಲ್ಲ ಕಿತ್ತು ಹಾಕಿದೆ. ಅದರಲ್ಲಿ ಮಾವನವರು ಬಳಸುತ್ತಿದ್ದ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶವೂ ಹೋಯಿತು.

ಮಾವನವರು ಹಿರೇಹಡಗಲಿಯಲ್ಲಿ ಒಕ್ಕಲುತನ ಮಾಡಿದವರು, ಈಗ ನಮ್ಮ ಜೊತೆಗಿದ್ದಾರೆ. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡಲು ಕಲಿತು, ತಾವು ಸಾಕಿದ ಎತ್ತುಗಳ ಬಗ್ಗೆ ಬರೆಯಲು ಕೂತಿದ್ದರು. ಒಂದು ಎತ್ತಿಗೆ ಒಂದು ಪುಟ. ಬಣ್ಣ, ಕೊಂಬು, ನಡಿಗೆ, ಯಾವ ಸಂತೆಯಲ್ಲಿ ತಂದದ್ದು, ಹೇಗೆ ಮುನಿಸಿಕೊಳ್ಳುತ್ತಿತ್ತು ಎಂಬುದೆಲ್ಲ ಅದರಲ್ಲಿದೆ ಎಂದು ಹೇಳುತ್ತಿದ್ದರು. ಮುಗಿಯುವ ತನಕ ಯಾರಿಗೂ ತೋರಿಸುತ್ತಿರಲಿಲ್ಲ. ಎಂಟು ತಿಂಗಳಲ್ಲಿ ಹನ್ನೊಂದನೆಯ ಎತ್ತಿಗೆ ಬಂದಿದ್ದರು, ಅದೇ ಕೊನೆಯದು.

ಶನಿವಾರ ಅವರು ತೆರೆದಾಗ ಕನ್ನಡ ಇರಲಿಲ್ಲ. ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಪುಟದ ತುಂಬ ಹರಡಿದ್ದವು. ಬಹಳ ಹೊತ್ತು ನೋಡಿ, "ಎಲ್ಲಾ ಹೋತೇನವಾ?" ಎಂದು ಕೇಳಿದರು. "ಇಲ್ರಿ ಮಾವಾರ, ತರ್ತೀನಿ" ಎಂದೆ. ಹೇಗೆ ತರುವುದೆಂದು ನನಗೆ ಗೊತ್ತಿರಲಿಲ್ಲ. ಹೊಸ ತಂತ್ರಾಂಶ ಹಾಕಿದೆ. ಅಕ್ಷರಗಳು ಬಂದವು, ಆದರೆ ಒತ್ತುಗಳು ಎಲ್ಲೆಂದರಲ್ಲಿ ಚದುರಿದವು. ಹಳೆಯದರ ಸಿಡಿ ಎಲ್ಲೂ ಸಿಗಲಿಲ್ಲ. ನಮ್ಮ ಯಜಮಾನರು ಹೊಸ ಕಂಪ್ಯೂಟರ್ ತರೋಣ ಎಂದರು. ಹೊಸದರಲ್ಲಿ ಮಾವನವರ ಎತ್ತುಗಳು ಎಲ್ಲಿಂದ ಬರಬೇಕು?

ಆಗ ನೆನಪಾದದ್ದು ಸಿಸ್ಟಮ್ ರಿಸ್ಟೋರ್. ನಾವು ಏನನ್ನಾದರೂ ಕಿತ್ತು ಹಾಕುವ ಮುಂಚೆ ಕಂಪ್ಯೂಟರ್ ತನ್ನಷ್ಟಕ್ಕೆ ಒಂದು ಗುರುತು ಇಟ್ಟುಕೊಂಡಿರುತ್ತದೆ. ಆ ಗುರುತಿಗೆ ವಾಪಸು ಹೋಗಬಹುದು. ತೆರೆದು ನೋಡಿದರೆ ಶುಕ್ರವಾರದ ಗುರುತು ಇತ್ತು. ವಾಪಸು ಬರುವವುಗಳ ಪಟ್ಟಿಯಲ್ಲಿ ಮಾವನವರ ತಂತ್ರಾಂಶದ ಹೆಸರೂ ಇತ್ತು. ನನಗೆ ಸೋಜಿಗವಾದದ್ದು ಬೇರೆ. ಕಂಪ್ಯೂಟರ್ ಶುಕ್ರವಾರಕ್ಕೆ ಹೋದರೂ ಶನಿವಾರ ನಾನು ಹಾಕಿದ ಮಕ್ಕಳ ಫೋಟೋಗಳು ಹಾಗೇ ಉಳಿಯುತ್ತವಂತೆ. ಯಾವುದನ್ನು ಹಿಂದಕ್ಕೆ ಒಯ್ಯಬೇಕು, ಯಾವುದನ್ನು ಮುಟ್ಟಬಾರದು ಎಂದು ಅದಕ್ಕೆ ಹೇಳಿಕೊಟ್ಟವರು ಯಾರೋ ಜಾಣರೇ ಇರಬೇಕು.

ಶನಿವಾರವೇ ರಿಸ್ಟೋರ್ ಒತ್ತಿದೆ. ಕಂಪ್ಯೂಟರ್ ಒಂದೂವರೆ ತಾಸು ತಿರುಗಿ, ಕೆಲಸ ಪೂರ್ತಿಯಾಗಲಿಲ್ಲ, ಏನೂ ಬದಲಾಗಿಲ್ಲ ಎಂದಿತು. ಅದು ಸಮಾಧಾನ ಹೇಳುವ ರೀತಿಗೇ ಮೈ ಉರಿಯಿತು. ಭಾನುವಾರ ಮತ್ತೆ ಮಾಡಿದೆ, ಮತ್ತೆ ಅದೇ ಮಾತು. ಬಸ್ ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಸಾಹೇಬರಿಗೆ ಫೋನು ಮಾಡಿದೆ. "ಆಂಟಿವೈರಸ್ ಅಡ್ಡ ಬರ್ತೈತ್ರಿ ಮೇಡಂ, ಮೊದ್ಲ ಅದನ್ನ ಬಂದ್ ಮಾಡ್ರಿ" ಎಂದರು. "ಡಿಸ್ಕಿನ್ಯಾಗ ಜಾಗಾ ಕಮ್ಮಿ ಇದ್ರ ಹಳೇ ಗುರುತು ತಾನಾ ಅಳಿಸಿ ಹೋಗ್ತೈತಿ. ಲಗೂನ ಮಾಡ್ರಿ."

ಶನಿವಾರ ಆ ಪುಟ ಕಂಡ ಮೇಲೆ ಮಾವನವರು ಎರಡು ದಿನ ಕಂಪ್ಯೂಟರಿನ ಕೋಣೆಗೆ ಬರಲಿಲ್ಲ. ರೊಟ್ಟಿ ಒಂದೇ ತಿಂದು ಏಳುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಎದ್ದವಳೇ ಆಂಟಿವೈರಸ್ ನಿಲ್ಲಿಸಿ, ಕೆಲಸ ಶುರು ಮಾಡಿ ರೊಟ್ಟಿ ಬಡಿಯಲು ಹೋದೆ. ನಡುವೆ ಎದ್ದು ಬಂದು ನೋಡಿದರೆ ಪರದೆ ಕಪ್ಪಾಗಿತ್ತು. ಪ್ಲಗ್ ಕಿತ್ತಿತ್ತು. ಪಕ್ಕದಲ್ಲಿ ಮಾವನವರು ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ನಿಂತಿದ್ದರು.

"ಯಾಕ ತಗದ್ರಿ ಮಾವಾರ?"

"ಸೋಮವಾರ ಐತಲ್ಲವಾ. ಎರಡು ದಿನದಿಂದ ಒಂದ ಸಮ ತಿರುಗಾಕ ಹತ್ತೈತಿ. ಒಂದು ದಿನ ದಣಿವು ಆರ್ಲಿ ಅಂತ."

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಮಾವನವರು ಸೋಮವಾರ ಟೈಪ್ ಮಾಡುತ್ತಿರಲಿಲ್ಲ ಎಂಬುದು ಗೊತ್ತಿತ್ತು. ಕಂಪ್ಯೂಟರಿಗೂ ಬಿಡುವು ಕೊಡುತ್ತಿದ್ದರೆಂದು ತಿಳಿದದ್ದು ಆಗಲೇ. ಆಫ್ ಮಾಡಬೇಡಿ ಎಂದು ಪರದೆಯ ಮೇಲೆ ಇದ್ದದ್ದು ಇಂಗ್ಲಿಷಿನಲ್ಲಿ, ಅವರಿಗೆ ಅದು ಓದಲು ಬಾರದು. ಆದರೂ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಇದು ಎತ್ತಲ್ರಿ, ಮಶೀನು" ಎಂದುಬಿಟ್ಟೆ.

ಪ್ಲಗ್ ಹಾಕಿದರೆ ಕಂಪ್ಯೂಟರ್ ಏಳಲೇ ಇಲ್ಲ. ಎರಡು ಸಲ, ಮೂರು ಸಲ ಮಾಡಿದರೂ ಬರೀ ಕತ್ತಲೆ. ಶಾಲೆಯಲ್ಲಿ ಇಡೀ ದಿನ ಪಾಠದ ಮೇಲೆ ಮನಸ್ಸಿರಲಿಲ್ಲ. ಬರುವಾಗ ಸಾಹೇಬರ ಅಂಗಡಿಗೆ ಹೋದೆ. ಶುರುವಾಗುವಾಗಲೇ ಮೂರು ಸಲ ಆರಿಸಿದರೆ ರಿಪೇರಿಯ ನೀಲಿ ಪರದೆ ತಾನಾಗಿ ಬರುತ್ತದೆ, ಅಲ್ಲಿಂದ ರಿಸ್ಟೋರ್ ಮಾಡಿದರೆ ಆಂಟಿವೈರಸ್ಸಿನ ಕಾಟವೂ ಇಲ್ಲ ಎಂದು ತೋರಿಸಿಕೊಟ್ಟರು. ಕೆಟ್ಟ ಮೇಲೆಯೇ ತೆರೆಯುವ ಇಂಥದೊಂದು ಬಾಗಿಲು ಅದರಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದು ಕೂತೆ. ಮಾವನವರು ಬಾಗಿಲಲ್ಲಿ ನಿಂತು, "ಇವತ್ತ ಬ್ಯಾಡವಾ, ನಾಳಿ ಮಾಡು" ಎಂದರು. ಗುರುತು ಅಳಿಸಿಹೋದರೆ ಎಂಬ ಭಯ ನನಗೆ. ಗುಂಡಿ ಒತ್ತಿಯೇಬಿಟ್ಟೆ. ಒಂದು ತಾಸಿನ ಮೇಲೆ ಪರದೆ ಬೆಳಗಿತು, ಕೆಲಸ ಪೂರ್ತಿಯಾಗಿದೆ ಎಂದಿತು. ಕಡತ ತೆರೆದರೆ ಕನ್ನಡ ಇತ್ತು, ಒತ್ತು ಕೊಂಬು ಸಮೇತ. ಕಣ್ಣಲ್ಲಿ ನೀರು ಬಂತು.

"ಕಡೀ ಪುಟ ಓದವಾ, ಸರಿ ಐತೇನು ನೋಡೂಣು" ಎಂದರು ಮಾವನವರು. ಹನ್ನೊಂದನೆಯ ಎತ್ತಿನ ಪುಟ. ಅವರು ಬರೆದದ್ದನ್ನು ಗಟ್ಟಿಯಾಗಿ ಓದಿದೆ: ಒಂದು ಬಿತ್ತನೆಯ ಸೋಮವಾರ. ನೆಲ ಹದ ಬಂದಿತ್ತು, ಮೋಡ ಮತ್ತೆ ಕಟ್ಟುತ್ತಿತ್ತು. ಊರಲ್ಲಿ ಯಾರೂ ಎತ್ತು ಹೂಡಲಿಲ್ಲ, ನಾನೊಬ್ಬ ಹೂಡಿದೆ. ನೊಗ ಇಡುವಾಗ ಕೆಂದೆತ್ತು ಹಿಂದಕ್ಕೆ ಸರಿಯಿತು, ಬಾರುಕೋಲಿನಿಂದ ಒಂದು ಕೊಟ್ಟೆ. ಮಧ್ಯಾಹ್ನ ಸಾಲಿನಲ್ಲೇ ಕುಸಿಯಿತು. ಎಬ್ಬಿಸಲು ನೋಡಿದೆವು, ಏಳಲೇ ಇಲ್ಲ. ಹೊಡೆದದ್ದನ್ನು ನಾನು ಇವತ್ತಿನ ತನಕ ಯಾರಿಗೂ ಹೇಳಿಲ್ಲ.

ಅಲ್ಲಿಗೆ ಬರಹ ನಿಂತಿತ್ತು.

"ತಪ್ಪಾತ್ರಿ ಮಾವಾರ" ಎಂದೆ. "ಬ್ಯಾಡ ಅಂದ್ರೂ ನಾನು ಕೇಳಲಿಲ್ಲ."

ಅವರು ಹತ್ತಿರ ಬಂದು, ಬೆಚ್ಚಗಾಗಿದ್ದ ಕಂಪ್ಯೂಟರಿನ ಮೇಲೆ ಕೈಯಿಟ್ಟರು.

"ಇರ್ಲಿ ಬಿಡವಾ" ಎಂದರು. "ಇದು ಎದ್ದೈತಲ್ಲ."