ಪಾಳಿ ಬದಲಾಗುವ ಅರ್ಧ ಗಂಟೆ

ಲವೀನಾ ಬಾಯಿ, ನಿಮ್ಮ ಆ ಒಂದು ಪುಟವನ್ನು ವರದಿಯಿಂದ ತೆಗೆದವನು ನಾನೇ. ಕಣ್ತಪ್ಪಿ ಬಿಟ್ಟುಹೋಯಿತು ಎಂದು ನಿಮಗೆ ಹೇಳಿದ್ದು ಶುದ್ಧ ಸುಳ್ಳು.

ನೆನಪಿದೆಯಲ್ಲ — ರೀಮ್ ಐಲ್ಯಾಂಡಿನ ನಮ್ಮ ಸಲಹಾ ಆಫೀಸಿಗೆ ಪೋರ್ಚುಗಲ್‌ನ ಶೂ ಕಾರ್ಖಾನೆಯ ಕೆಲಸ ಬಂದಿತ್ತು. ಉತ್ಪಾದನೆ ಏರಬೇಕು, ಹೊಸಬರಿಗೆ ಉದ್ಯೋಗ ಸಿಗಬೇಕು; ಸಲಹೆ ಫಲಿಸಿದರೆ ಆ ಊರಿನ ಉಳಿದ ಕಾರ್ಖಾನೆಗಳೂ ಅದನ್ನೇ ಅನುಸರಿಸುತ್ತವೆ ಎಂದು ಮಾತಾಗಿತ್ತು. ಪಾಳಿ ಬದಲಾಗುವಾಗ ಹಳಬರು ಹೊಸಬರ ಜೊತೆ ಅರ್ಧ ಗಂಟೆ ಯಂತ್ರದ ಪಕ್ಕ ನಿಂತು ಮಾತಾಡುವ ವಿಡಿಯೊ ನೋಡಿ ನಾನು 'ವ್ಯರ್ಥ ಸಮಯ' ಎಂದು ಗುರುತು ಹಾಕಿದೆ. ಇಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದವನು — ಸುಮ್ಮನೆ ನಿಂತದ್ದನ್ನು ಸೂಪರ್‌ವೈಸರ್ ಕಂಡರೆ ಕಥೆ ಮುಗಿಯಿತು ಎಂಬ ಹೆದರಿಕೆಯಲ್ಲೇ ಬೆಳೆದವನು. ನಿಂತವರೆಲ್ಲ ನನಗೆ ಮೈಗಳ್ಳರಾಗಿ ಕಂಡರು.

ಮೊದಲು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನೀವು ಮಾತ್ರ ಅದನ್ನು ಎರಡು ಸಲ ನೋಡಿ ಹೇಳಿದಿರಿ: "ಶೆಟ್ರೇ, ಇದು ಪಟ್ಟಾಂಗ ಅಲ್ಲ ಮಾರಾಯ್ರೆ. ಡ್ಯೂಟಿ ಬಿಡುವಾಗ ನಾವು ಹ್ಯಾಂಡೋವರ್ ಕೊಡುದಿಲ್ವಾ, ಅದೇ ಇದು. ಇದನ್ನು ತೆಗೆದ್ರೆ ಹೊಸಬರಿಗೆ ಕೆಲಸ ಕಲಿಸುದು ಯಾರು?" ಅದನ್ನೇ ಒಂದು ಪುಟ ಬರೆದೂ ಕೊಟ್ಟಿರಿ.

ಆ ಪುಟ ತಪ್ಪೆಂದು ನಾನು ತೆಗೆಯಲಿಲ್ಲ. ಸರಿ ಎಂದು ಆಗಲೇ ಅನ್ನಿಸಿತ್ತು... ಆದರೆ ಆ ಅರ್ಧ ಗಂಟೆ ಕತ್ತರಿಸಿ ಸಮಯ ಉಳಿಸಿದ್ದೇ ವರದಿಯಲ್ಲಿ ನನ್ನ ಹೆಗ್ಗಳಿಕೆ. ಮೊನ್ನೆ ಸೇರಿದ ನರ್ಸಮ್ಮ ನನಗೆ ಪಾಠ ಹೇಳುವುದೇ — ಕೊಬ್ಬು, ಅದಕ್ಕೆ ಬೇರೆ ಹೆಸರಿಲ್ಲ.

ಕಾರ್ಖಾನೆಯಲ್ಲಿ ಆ ಅರ್ಧ ಗಂಟೆಯ ಮಾತು ನಿಂತಿತು. ಹೊಸಬರ ಹೊಲಿಗೆ ಕೆಟ್ಟು ಶೂಗಳು ವಾಪಸಾದವು, ನೇಮಕವೂ ನಿಂತಿತು. ಅಲ್ಲಿನ ದೂರಿನ ಮೇಲ್‌ಗಳೆಲ್ಲ ಬರುತ್ತಿದ್ದದ್ದು ನನಗೇ; ಯಾರಿಗೂ ತೋರಿಸಲಿಲ್ಲ. ಇಲ್ಲಿ, ವರದಿಯಲ್ಲಿ ನಿಮ್ಮದೇನೂ ಕಾಣದೆ 'ಲವೀನಾಗೆ ಕಾರ್ಖಾನೆಯ ಕೆಲಸ ಅರ್ಥವಾಗುವುದಿಲ್ಲ' ಎಂದು ನಮ್ಮ ಡೈರೆಕ್ಟರ್ ಅಂದಾಗ ನಾನು ತುಟಿ ಬಿಚ್ಚಲಿಲ್ಲ. ನೀವು ಕೆಲಸ ಬಿಟ್ಟು ಅಲ್ ನಹ್ದಾದ ಅಕ್ಕನ ಮನೆಗೆ ಹೋದಿರಿ. ಬೀಳ್ಕೊಡುಗೆಯ ದಿನ ನಿಮ್ಮನ್ನು ಹೊಗಳಿ ಭಾಷಣ ಮಾಡಿದವನೂ ನಾನೇ. ನೆನೆದರೆ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಆ ಊರಿನ ಇನ್ನೊಂದು ಕಾರ್ಖಾನೆ ಅದೇ ಸಲಹೆ ಕೇಳಿಕೊಂಡು ಬಂತು. ಇನ್ನು ತಡೆಯಲಾಗಲಿಲ್ಲ. ನಿಮ್ಮ ಪುಟವನ್ನು ನಿಮ್ಮ ಹೆಸರಿನಲ್ಲೇ ಎರಡೂ ಕಾರ್ಖಾನೆಯವರಿಗೂ, ಡೈರೆಕ್ಟರಿಗೂ ಕಳಿಸಿದೆ — ಮುಚ್ಚಿಟ್ಟವನು ನಾನೆಂದು ಬರೆದೇ. ಡೈರೆಕ್ಟರ್ ಇನ್ನೂ ಮಾತಾಡಿಲ್ಲ. ಮಾತಾಡಿದ ದಿನ ನನ್ನ ಕೆಲಸ ಖಲಾಸ್ ಆಗಬಹುದು, ಆಗಲಿ.

ಮೊದಲ ಕಾರ್ಖಾನೆಯವರು ಅರ್ಧ ಗಂಟೆಯನ್ನು ಮರಳಿ ಕೊಟ್ಟಿದ್ದಾರೆ. ಹೊಸಬರನ್ನು ಮತ್ತೆ ಸೇರಿಸಿಕೊಳ್ಳುತ್ತಾರಂತೆ. ಕಲಿಸುವ ಕ್ರಮ ರೂಪಿಸಲು ಆ ಪುಟ ಬರೆದವರೇ ಬೇಕಂತೆ. ನಿಮ್ಮ ನಂಬರ್ ಕೇಳಿದ್ದಾರೆ. ನಾನಿನ್ನೂ ಕೊಟ್ಟಿಲ್ಲ — ನಿಮ್ಮ ಪರವಾಗಿ ಒಮ್ಮೆ ತೀರ್ಮಾನ ಮಾಡಿದ್ದು ಸಾಕು. ಕೊಡಲೇ, ಬೇಡವೇ, ನೀವೇ ಹೇಳಿ.