ರೆಕಾರ್ಡಿನ ಮುಳ್ಳಿಗೆ ದನಿ ಸುತ್ತುವ ಅನಸೂಯ

ಬೆಳಗಿನ ಐದೂವರೆ. ರಾಮಮೂರ್ತಿ ನಗರದ ಅಡ್ಡರಸ್ತೆಯೊಂದರ ನೆಲಮಹಡಿ ಮನೆ. ೨೦೦೬ರ ಏಪ್ರಿಲ್ ಸೆಖೆಗೆ ಗೋಡೆಗಳು ಈಗಲೇ ಬೆಚ್ಚಗಿವೆ. ಆದರೂ ಫ್ಯಾನು ನಿಂತಿದೆ, ಕಿಟಕಿ ಮುಚ್ಚಿದೆ. ಹೋದ ವರ್ಷ ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತರಾದ ಅನಂತರಾಮು ಹಾಲಿನ ಪ್ಯಾಕೆಟ್ ಹಿಡಿದು ಬಾಗಿಲ ಹೊರಗೇ ನಿಂತಿದ್ದಾರೆ. ಒಳಗೆ ಬರಲು ಅವರಿಗೆ ಇನ್ನೂ ಅಪ್ಪಣೆಯಾಗಿಲ್ಲ.

ಊಟದ ಮೇಜಿನ ಮುಂದೆ ಅವರ ಹೆಂಡತಿ ಅನಸೂಯ ಕೂತಿದ್ದಾರೆ. ಬಲಗೈ ಹಳೇ ಹೊಲಿಗೆ ಯಂತ್ರದಿಂದ ಬಿಚ್ಚಿದ ಪುಟ್ಟ ಹಿಡಿಯನ್ನು ತಿರುಗಿಸುತ್ತಿದೆ. ಎಡಗೈಯ ಎರಡು ಬೆರಳುಗಳ ನಡುವೆ ಏನೋ ಜಾರುತ್ತಿದೆ, ನನಗೆ ಕಾಣುವುದಿಲ್ಲ. ನಾನು ತಲೆಯನ್ನು ಟೇಬಲ್ ಲ್ಯಾಂಪಿಗೆ ಓರೆ ಮಾಡಿದಾಗ ಮಾತ್ರ ಒಂದು ಕೆಂಪು ಮಿಂಚು. ತಲೆಗೂದಲಿನ ಅರ್ಧದಷ್ಟೂ ದಪ್ಪವಿಲ್ಲದ ತಾಮ್ರದ ತಂತಿ ಅದು. ನೂರು ಸುತ್ತಾದಾಗಲೆಲ್ಲ ಅನಸೂಯ ಹಿಡಿ ನಿಲ್ಲಿಸಿ ಒಂದು ಹುಣಸೆಬೀಜವನ್ನು ಈ ಬಟ್ಟಲಿನಿಂದ ಆ ಬಟ್ಟಲಿಗೆ ಹಾಕುತ್ತಾರೆ. ಹನ್ನೆರಡು ಬೀಜ ಆ ಕಡೆ ಸೇರಿದ ಮೇಲೆ ಉಸಿರು ಬಿಟ್ಟು, "ಬನ್ರೀ ಒಳಗೆ" ಎಂದು ಗಂಡನನ್ನು ಕರೆಯುತ್ತಾರೆ.

"ಗಾಳಿ ಬಂದ್ರೆ ತುಂಡಾಗತ್ತೆ ಸಾರ್. ಲಾರಿ ಹೋದ್ರೆ ತುಂಡಾಗತ್ತೆ. ನಮ್ಮ ಮನೆಯವರು ಸೀನಿದ್ರೂ ತುಂಡಾಗತ್ತೆ. ಅದಕ್ಕೇ ಬಸ್ಸು ಶುರುವಾಗೋಕ್ ಮುಂಚೆ ಮುಗಿಸ್ಬಿಡ್ತೀನಿ."

ರೆಕಾರ್ಡ್ ಪ್ಲೇಯರಿನ ತೋಳಿನ ತುದಿಯಲ್ಲಿ, ಮುಳ್ಳು ಸಿಕ್ಕಿಸುವ ಜಾಗದಲ್ಲಿ ಒಂದು ಪುಟ್ಟ ಡಬ್ಬಿ ಇರುತ್ತದೆ. ರಿಪೇರಿಯವರು ಅದನ್ನು ಪಿಕಪ್ ಎನ್ನುತ್ತಾರೆ. ತಟ್ಟೆಯ ಗೆರೆಯಲ್ಲಿ ಮುಳ್ಳು ಅದುರುತ್ತದೆ. ಆ ಅದುರನ್ನು ಕರೆಂಟು ಮಾಡಿ ಸ್ಪೀಕರಿಗೆ ಕಳಿಸುವುದು ಡಬ್ಬಿಯೊಳಗಿನ ತಂತಿಯ ಸುರುಳಿಗಳು. ಎಡಗಡೆಯ ಸ್ಪೀಕರಿಗೆ ಒಂದು, ಬಲಗಡೆಗೆ ಒಂದು. ಸುರುಳಿ ಸುಟ್ಟರೆ ಎಂಥ ದುಬಾರಿ ಪ್ಲೇಯರ್ ಆದರೂ ಮೂಕ. ಹಳೇ ವಿದೇಶಿ ಪ್ಲೇಯರುಗಳ ಪಿಕಪ್ ಈಗ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಹಲಸೂರು, ಇಂದಿರಾನಗರ, ಸರ್ವಜ್ಞನಗರದಲ್ಲಿ ಇನ್ನೂ ರೆಕಾರ್ಡು ಕೇಳುವ ಮಂದಿ ಹಳೆಯದನ್ನೇ ಬಿಚ್ಚಿ, ಸುರುಳಿ ಮತ್ತೆ ಸುತ್ತಿಸುತ್ತಾರೆ. ಈ ಕಡೆ ಆ ಕೆಲಸಕ್ಕೆ ನನಗೆ ಸಿಕ್ಕಿದ್ದು ಎರಡೇ ಹೆಸರು. ಇಬ್ಬರೂ ಹೆಂಗಸರು.

ನಾನು ಮೊದಲು ಹೋದದ್ದು ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿರುವ ಫಹ್ಮಿದಾ ಅವರ ಮನೆಗೆ. ಅವರು ಕೆಲಸದಿಂದ ತಲೆ ಎತ್ತಲಿಲ್ಲ. "ಪೇಪರ್‌ನಲ್ಲಿ ನಂದೇನೂ ಹಾಕೋದು ಬೇಡ. ಅನಸೂಯ ಹತ್ರ ಹೋಗಿ. ಚೆನ್ನಾಗಿ ಮಾತಾಡ್ತಾಳೆ. ಕೆಲಸಾನೂ ಪರವಾಗಿಲ್ಲ" ಎಂದರು.

ಇದನ್ನು ಹೇಳಿದಾಗ ಅನಸೂಯ ಕಾಫಿ ಲೋಟ ಕೆಳಗಿಟ್ಟರು.

"ಪರವಾಗಿಲ್ಲ ಅಂದ್ಲಾ? ಹಾಗೇ ಅಂದ್ಲಾ?"

ಹಾಗೇ ಅಂದರು, ಎಂದೆ.

"ನೋಡಿ, ಮೂವತ್ಮೂರು ವರ್ಷದಿಂದ ಅವಳ ಬಾಯಲ್ಲಿ 'ಚೆನ್ನಾಗಿದೆ' ಬಂದಿಲ್ಲ."

ಲೆಕ್ಕ ಸರಿಯಾಗಿದೆ. ಇಬ್ಬರೂ ಸರ್ಕಾರಿ ಟೆಲಿಫೋನ್ ಕಾರ್ಖಾನೆಗೆ ಸೇರಿದ್ದು ೧೯೭೩ರ ಒಂದೇ ತಿಂಗಳಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ. ಕಾಯಿಲ್ ವಿಭಾಗದಲ್ಲಿ ಎಂಬತ್ತು ಹೆಂಗಸರು. ಟೆಲಿಫೋನ್ ಎಕ್ಸ್‌ಚೇಂಜಿಗೆ ಬೇಕಾದ ತಂತಿಯ ಸುರುಳಿ ಸುತ್ತುವುದು ಕೆಲಸ. ಅನಸೂಯ ಮತ್ತು ಫಹ್ಮಿದಾ ಕೂರುತ್ತಿದ್ದದ್ದು ಒಂದೇ ಬೆಂಚು, ಉಣ್ಣುತ್ತಿದ್ದದ್ದು ಒಂದೇ ಕಡೆ. ಅನಸೂಯ ತರುತ್ತಿದ್ದ ಚಿತ್ರಾನ್ನ ಫಹ್ಮಿದಾ ಅವರಿಗೆ ಇಷ್ಟ. ಪ್ರತಿ ಸೋಮವಾರ ಬೋರ್ಡಿನ ಮೇಲೆ ಹಿಂದಿನ ವಾರದ ಪಟ್ಟಿ ಬೀಳುತ್ತಿತ್ತು, ಯಾರದು ಎಷ್ಟು ಪಾಸು, ಎಷ್ಟು ತಿರಸ್ಕಾರ ಅಂತ.

"ಮೊದಲನೇ ಹೆಸರು ಅವಳದು, ಎರಡನೇದು ನಂದು. ಮೊದಲನೇದು ಅವಳದು, ಎರಡನೇದು ನಂದು. ಇಪ್ಪತ್ಮೂರು ವರ್ಷ ಸಾರ್. ಅವಳಿಗೆ ಜ್ವರ ಬಂದಿದ್ದ ವಾರ ಒಂದೇ ನಾನು ಫಸ್ಟು. ಆವತ್ತು ಮನೇಲಿ ಪಾಯಸ ಮಾಡಿದ್ದೆ. ಯಾಕೆ ಅಂತ ಮನೆಯವರಿಗೂ ಹೇಳ್ಲಿಲ್ಲ."

ಇದನ್ನು ಹೇಳುವಾಗ ಅವರು ನಗುವುದಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತ ಅನಂತರಾಮು ನಗುತ್ತಾರೆ. "ಈಗ ಗೊತ್ತಾಯ್ತು ನೋಡಿ ಪಾಯಸದ ವಿಷಯ" ಎನ್ನುತ್ತಾರೆ.

ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಬಂದ ಮೇಲೆ ಸುರುಳಿಗೆ ಕೆಲಸವಿಲ್ಲದಾಯಿತು. ೧೯೯೬ರಲ್ಲಿ ಇಬ್ಬರೂ ಸ್ವಯಂ ನಿವೃತ್ತಿ ಪಡೆದರು. ಫಹ್ಮಿದಾ ಅವರ ಭಾವನಿಗೆ ಶಿವಾಜಿನಗರದಲ್ಲಿ ರೇಡಿಯೊ ರಿಪೇರಿ ಅಂಗಡಿ ಇತ್ತು. ಅಲ್ಲಿಗೆ ಬಂದ ಪಿಕಪ್ ಒಂದನ್ನು ಆಕೆ ಬಿಚ್ಚಿ ನೋಡಿ, ಇದೂ ಸುರುಳಿಯೇ ಅಲ್ಲವೇ ಎಂದು ಸುತ್ತಿಬಿಟ್ಟರು. ಅದು ಹಾಡಿತು. ಎರಡು ವರ್ಷದಲ್ಲಿ ರೆಕಾರ್ಡು ಕೇಳುವವರೆಲ್ಲ ಆ ಮನೆಯ ಮೆಟ್ಟಿಲು ಹತ್ತತೊಡಗಿದರು. ಸುದ್ದಿ ಅನಸೂಯ ಅವರಿಗೆ ತಲುಪಿದ್ದು ಮಾರುಕಟ್ಟೆಯಲ್ಲಿ ಸೊಪ್ಪು ಆರಿಸುವಾಗ, ಹಳೇ ಸಹೋದ್ಯೋಗಿಯೊಬ್ಬರ ಬಾಯಿಂದ. "ಸೊಪ್ಪು ಅಲ್ಲೇ ಬಿಟ್ಟು ಬಂದೆ" ಎನ್ನುತ್ತಾರೆ. ಮರುದಿನವೇ ಗುಜರಿಯಿಂದ ಕೆಟ್ಟ ಗೋಡೆ ಗಡಿಯಾರಗಳನ್ನು ತಂದರು. ಬ್ಯಾಟರಿ ಗಡಿಯಾರದೊಳಗೆ ಇಂಥದೇ ಸಣ್ಣ ತಂತಿ ಇರುತ್ತದೆ. ಅದನ್ನು ಬಿಚ್ಚಿ, ಸುತ್ತಿ, ತುಂಡರಿಸಿ, ಮತ್ತೆ ಸುತ್ತಿ ಆರು ತಿಂಗಳು ತಾವೇ ಕಲಿತರು. ಫಹ್ಮಿದಾ ಅವರನ್ನು ಒಂದು ಮಾತೂ ಕೇಳಲಿಲ್ಲ.

ಆದರೂ ಇವರಿಗೆ ಬರುತ್ತಿದ್ದದ್ದು ಫ್ಯಾನು, ಮಿಕ್ಸಿಯ ಕೆಲಸವೇ. ಪಿಕಪ್ ಎಲ್ಲ ಶಿವಾಜಿನಗರಕ್ಕೆ.

ಹಲಸೂರಿನಲ್ಲಿ ಸಂಜೀವಪ್ಪ ಎಂಬ ಹಿರಿಯರಿದ್ದಾರೆ. ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದವರು. ಮನೆಯಲ್ಲಿ ಆರುನೂರು ರೆಕಾರ್ಡುಗಳಿವೆ. ಶನಿವಾರ ನಾಲ್ಕು ಗಂಟೆಗೆ ಅವರ ಮುಂಗೋಣೆಯಲ್ಲಿ ಆರೇಳು ಜನ ಸೇರುತ್ತಾರೆ. ತಟ್ಟೆಯ ಒಂದು ಮಗ್ಗುಲು ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ, ಆಮೇಲೆ ಕಾಫಿ. ತಮ್ಮ ಪಿಕಪ್ ಸರಿಮಾಡಿದ ಫಹ್ಮಿದಾ ಅವರಿಗೂ ಅಲ್ಲಿ ಕುರ್ಚಿ ಹಾಕಿಸಿದ್ದರು.

"ಅದು ನನಗೆ ಕುತ್ತಿಗೆವರೆಗೂ ಉರೀತು. ಕೆಲಸ ಅವಳಿಗೆ ಹೋಗ್ಲಿ. ಕುರ್ಚೀನೂ ಹಾಕ್ಬೇಕಾ? ನಮ್ಮಪ್ಪ ಅನಸೂಯ ಅಂತ ಹೆಸರಿಟ್ರು. ಅಸೂಯೆ ಇಲ್ಲದವಳು ಅಂತ ಅರ್ಥ ಅಂತೆ. ಸ್ಕೂಲಲ್ಲಿ ಮೇಷ್ಟ್ರು ಹೇಳಿದಾಗಿಂದ ನನಗೆ ನನ್ನ ಹೆಸರು ಬರೆಯೋಕೇ ನಾಚಿಕೆ."

೨೦೦೧ರ ಫೆಬ್ರುವರಿಯಲ್ಲಿ ಫಹ್ಮಿದಾ ಮದುವೆಗೆಂದು ಕೋಲಾರಕ್ಕೆ ಹೋಗಿದ್ದರು. ಬೀಗ ನೋಡಿದ ಸಂಜೀವಪ್ಪ, ಯಾರೋ ಹೇಳಿದ ಗುರುತು ಹಿಡಿದು ರಾಮಮೂರ್ತಿ ನಗರಕ್ಕೆ ಬಂದರು. ಕೈಯಲ್ಲಿ ಮತ್ತೆ ಕೆಟ್ಟ ಪಿಕಪ್. "ಫಹ್ಮಿದಾ ಯಾವಾಗ ಬರ್ತಾರೆ, ನಿಮಗೇನಾದ್ರೂ ಗೊತ್ತೇನಮ್ಮಾ?" ಎಂದು ಕೇಳಿದರು.

"ಗೊತ್ತಿತ್ತು ಸಾರ್. ನಾಲ್ಕೇ ದಿನಕ್ಕೆ ಬರ್ತಾಳೆ ಅಂತ ಗೊತ್ತಿತ್ತು. ಬಾಯಿಂದ ಬಂದಿದ್ದು ಬೇರೆ. 'ಅವಳಿಗೆ ಕಣ್ಣು ಹೋಯ್ತಲ್ಲ, ಪಾಪ, ಕೆಲಸ ಬಿಟ್ಬಿಟ್ಟಿದಾಳೆ' ಅಂದೆ. ಪಾಪ ಅಂತ ಬೇರೆ ಸೇರಿಸ್ದೆ."

ಮಾತು ಶನಿವಾರದ ಕೋಣೆಗೆ ಹೋಯಿತು, ಅಲ್ಲಿಂದ ಊರಿಗೆ. ಎರಡು ತಿಂಗಳು ಫಹ್ಮಿದಾ ಮನೆಗೆ ಒಂದು ಪಿಕಪ್ಪೂ ಬರಲಿಲ್ಲ. ಅನಸೂಯ ಮೇಜಿನ ಮೇಲೆ ಸಾಲುಗಟ್ಟಿದವು. ಆದರೆ ಸಂಜೀವಪ್ಪನವರದ್ದು ಸರಿಹೋಗಲಿಲ್ಲ. ಬಲಗಡೆ ಗಟ್ಟಿಯಾಗಿ ಬರುವ ದನಿ ಎಡಗಡೆ ಪಿಸುಗುಡುತ್ತಿತ್ತು. ಎರಡೂ ಕಡೆ ಸಾವಿರದ ಇನ್ನೂರು ಸುತ್ತು, ಎಣಿಕೆ ತಪ್ಪಿಲ್ಲ. ಬಿಚ್ಚಿ ಸುತ್ತಿದರು, ಅದೇ ಪಿಸುದನಿ. ಸಂಜೀವಪ್ಪ ವಾಪಸು ತಂದುಕೊಟ್ಟಿದ್ದು ಮೂರು ಸಲ. ಮೂರನೇ ಸಲ ಮೆಲ್ಲಗೆ, "ಬೇಜಾರು ಮಾಡ್ಕೋಬೇಡಿ ತಾಯಿ, ಆಗದಿದ್ರೆ ಬಿಟ್ಬಿಡಿ" ಎಂದರು.

ಆ ಕನಿಕರ ತಡೆಯಲಾರದೆ ಅನಸೂಯ ಪಿಕಪ್ಪನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಶಿವಾಜಿನಗರದ ಬಸ್ಸು ಹತ್ತಿದರು.

ಫಹ್ಮಿದಾ ಬಾಗಿಲು ತೆಗೆದರು. ಪಿಕಪ್ ಇಸಿದುಕೊಂಡು ಕಿಟಕಿಯ ಹತ್ತಿರ ಭೂತಗನ್ನಡಿಯ ಕೆಳಗೆ ಹಿಡಿದರು.

"ಸಂಜೀವಪ್ಪ ಸಾಬ್ ಒಂದು ಕೇಜಿ ಕ್ಯಾರೆಟ್ ಕಳಿಸಿದ್ರು ನನಗೆ. ಕಣ್ಣಿಗೆ ಒಳ್ಳೇದಂತೆ" ಎಂದರು.

ಆಮೇಲೆ ಅನಸೂಯ ಅವರನ್ನು ಭೂತಗನ್ನಡಿಯ ಹತ್ತಿರ ಕರೆದರು.

"ಇಲ್ಲಿ ನೋಡು. ಹೋಗಿರೋ ಕಣ್ಣಿಗೇ ಕಾಣ್ತಾ ಇದೆ. ತಂತೀನ ಬೆರಳಲ್ಲಿ ಒತ್ತಿ ಹಿಡಿದಿದೀಯ. ಮೇಲಿನ ಲೇಪ ಕಿತ್ತೋಗಿ ಸುತ್ತು ಸುತ್ತಿಗೆ ತಗುಲ್ತಾ ಇದೆ. ಫ್ಯಾಕ್ಟರೀಲೂ ಹಂಗೇ ಹಿಡೀತಿದ್ದೆ ನೀನು. ಹಿಡೀಬೇಡ, ಅದರ ಪಾಡಿಗೆ ಅದನ್ನ ಹೋಗೋಕೆ ಬಿಡು."

ಇಪ್ಪತ್ಮೂರು ವರ್ಷ ಎರಡನೇ ನಂಬರು ಯಾಕೆ ಎಂಬುದು ಅನಸೂಯ ಅವರಿಗೆ ಆವತ್ತು ತಿಳಿಯಿತು. "ಮೊದಲೇ ಹೇಳ್ಬಹುದಿತ್ತಲ್ಲ ನೀನು?" ಎಂದು ರೇಗಿದರಂತೆ. "ನೀನು ಕೇಳ್ಲೇ ಇಲ್ವಲ್ಲ" ಎಂದರಂತೆ ಫಹ್ಮಿದಾ. ಅಲ್ಲೇ ಕೂರಿಸಿ ಮೂರು ಸಲ ಬಿಚ್ಚಿಸಿ ಸುತ್ತಿಸಿದರು. ಸಂಜೆ ಐದಕ್ಕೆ ಕೂತವರು ಎದ್ದಾಗ ಎಂಟು.

ಕ್ಷಮೆ ಕೇಳಿದಿರಾ, ಎಂದೆ.

"ಕೇಳೋಕೆ ಬಾಯಿ ಬರ್ಲಿಲ್ಲ. ಮಾರನೇ ದಿನ ಸೀದಾ ಹಲಸೂರಿಗೆ ಹೋದೆ. ಸಂಜೀವಪ್ಪನವರಿಗೆ ಹೇಳ್ಬಿಟ್ಟೆ. 'ಅವಳ ಕಣ್ಣಿಗೆ ಏನೂ ಆಗಿಲ್ಲ, ನಾನೇ ಸುಳ್ಳು ಹೇಳ್ದೆ, ಹೊಟ್ಟೆಕಿಚ್ಚಿಗೆ' ಅಂದೆ. ಅವರು ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ. ಪಿಕಪ್ ಹಾಕಿ, ಒಂದು ತಟ್ಟೆ ಇಟ್ಟು, 'ಕೂತ್ಕೊಳ್ಳಿ, ಸರಿ ಆಗಿದೆಯಾ ನೀವೇ ಹೇಳಿ' ಅಂದ್ರು."

ಅನಸೂಯ ಅಲ್ಲಿಯವರೆಗೆ ರೆಕಾರ್ಡ್ ಕೇಳಿದವರೇ ಅಲ್ಲ. ಮನೆಯಲ್ಲಿದ್ದದ್ದು ರೇಡಿಯೊ, ಆಮೇಲೆ ಟೇಪು. ಸುತ್ತಿದ ಸುರುಳಿಯನ್ನು ಮೀಟರಿನಲ್ಲಿ ಅಳೆದು ಕೊಟ್ಟುಬಿಡುತ್ತಿದ್ದರು. ಆವತ್ತು ಮುಳ್ಳು ತಟ್ಟೆ ಮುಟ್ಟಿದಾಗ ಮೊದಲು ಚಟಪಟ, ಒಗ್ಗರಣೆಯ ಸಾಸಿವೆ ಹಾಗೆ. ಆಮೇಲೆ ಎಡಗಡೆ ಪಿಟೀಲು, ಬಲಗಡೆ ಮೃದಂಗ, ನಡುವೆ ಹಾಡುವ ಹೆಂಗಸು. ಆಕೆ ಉಸಿರು ಎಳೆದುಕೊಂಡದ್ದೂ ಕೇಳಿಸಿತು.

"ಎಲ್ಲಾರೂ ಅಳು ಬಂತಾ ಅಂತ ಕೇಳ್ತಾರೆ. ಇಲ್ಲಪ್ಪ. ಇಷ್ಟು ದಿನ ಫಹ್ಮಿದಾ ಇದನ್ನ ಕೇಳ್ತಾ ಕೂತಿದ್ದಳಲ್ಲ, ಒಬ್ಬಳೇ, ಅಂತ ಹೊಟ್ಟೆ ಧಗಧಗ ಉರೀತು."

ಸಂಜೀವಪ್ಪ ತಾವೇ ಶಿವಾಜಿನಗರಕ್ಕೆ ಹೋಗಿ ಫಹ್ಮಿದಾ ಅವರಲ್ಲಿ ತಪ್ಪೊಪ್ಪಿಕೊಂಡರು. ಕೆಲಸ ಮತ್ತೆ ಆ ಮೆಟ್ಟಿಲು ಹತ್ತಿತು. ಅನಸೂಯ ಅವರಿಗೆ ಶನಿವಾರದ ಕರೆ ಬಂದದ್ದು ಒಂದು ವರ್ಷ ಕಳೆದ ಮೇಲೆ.

ಕತೆ ಇಲ್ಲಿಗೇ ನಿಲ್ಲಲಿಲ್ಲ. ಹೋದ ವರ್ಷ ಫಹ್ಮಿದಾ ಅವರಿಗೆ ನಿಜಕ್ಕೂ ಕಣ್ಣಿಗೆ ಪೊರೆ ಬಂತು. ಸುದ್ದಿ ಕೇಳಿದ ದಿನ ಅನಸೂಯ ಊಟ ಬಿಟ್ಟರು ಎಂದು ಅನಂತರಾಮು ಹೇಳುತ್ತಾರೆ. "ನಾನೇ ಬಾಯಿ ಹಾಕಿ ಬರಿಸ್ದೆ ಅಂತ ಒಂದೇ ಸಮ." ಆಪರೇಷನ್ನಿಗೆ ಕರೆದೊಯ್ದದ್ದು ಅನಸೂಯ. ಆರು ವಾರ ದಿನಾ ಶಿವಾಜಿನಗರಕ್ಕೆ ಹೋಗಿ, ಅಲ್ಲಿನ ಕೆಲಸವನ್ನು ಅಲ್ಲೇ ಕೂತು ಮಾಡಿದರು. ಹನ್ನೊಂದು ಪಿಕಪ್. ಒಂದನ್ನೂ ತಮ್ಮ ಮನೆಗೆ ತರಲಿಲ್ಲ.

ಅದರಲ್ಲೊಂದು ಇಂದಿರಾನಗರದ ಶ್ರೀಹರಿ ಎಂಬುವರದು. ಮನೆಗೆ ಒಯ್ದು ಹಾಕಿ ಕೇಳಿ, ಖುಷಿಗೆ ಮರುದಿನ ಮತ್ತೆ ಬಂದಿದ್ದರು. "ಫಹ್ಮಿದಾ ಅವರ ಕೈ ಅಂದ್ರೆ ಕೈ" ಎಂದು ಹೊಗಳಿದರು. ಅನಸೂಯ ತಲೆ ತಗ್ಗಿಸಿ ಸುತ್ತುತ್ತಲೇ ಇದ್ದರು. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಮಂಚದ ಮೇಲಿದ್ದ ಫಹ್ಮಿದಾ, "ಅದು ನಾನಲ್ಲ, ಇವಳು ಸುತ್ತಿದ್ದು" ಎಂದರು.

"ಹೌದಾ? ಗೊತ್ತೇ ಆಗ್ಲಿಲ್ಲ" ಎಂದರು ಶ್ರೀಹರಿ.

"ಗೊತ್ತೇ ಆಗ್ಲಿಲ್ಲ ಅಂದ್ರು ನೋಡಿ ಸಾರ್. ಅದು ಹೊಗಳಿದ್ದಾ, ತೆಗಳಿದ್ದಾ? ಇವತ್ತಿಗೂ ತಿಳೀತಿಲ್ಲ."

ಈಗ ತಿಂಗಳಿಗೆ ಆರೇಳು ಪಿಕಪ್ ಅನಸೂಯ ಅವರಿಗೆ ಬರುತ್ತವೆ. ಬೆಳಿಗ್ಗೆಗೆ ಒಂದೇ ಸುರುಳಿ. ಹತ್ತರಲ್ಲಿ ಮೂರು ನಡುವೆ ತುಂಡಾಗಿ ಮೊದಲಿಂದ ಶುರು. ಕತ್ತು ಹಿಡಿಯುತ್ತದೆ, ಬಲ ಹೆಬ್ಬೆರಳು ಮರಗಟ್ಟುತ್ತದೆ. ಮಗಳು ಆಶ್ರಿತಾ ಕಡ್ಡಿಯಷ್ಟಿರುವ ಎಂಪಿತ್ರೀ ಪ್ಲೇಯರ್ ತೋರಿಸಿ, "ಇದರಲ್ಲಿ ಇನ್ನೂರು ಹಾಡಿದೆ ಅಮ್ಮಾ, ಒಂದು ಸುತ್ತೂ ಸುತ್ತೋದು ಬೇಡ" ಎಂದು ಛೇಡಿಸುತ್ತಾಳೆ. ಅನಸೂಯ ಅದನ್ನು ಕಿವಿಗಿಟ್ಟು ಕೇಳಿದ್ದಾರೆ. "ಚೆನ್ನಾಗೇ ಇದೆ. ಆದ್ರೆ ಕೆಟ್ಟರೆ ಬಿಸಾಕ್ಬೇಕಂತೆ" ಎನ್ನುತ್ತಾರೆ.

ಶನಿವಾರ ಹಲಸೂರಿನಲ್ಲಿ ಈಗ ಎರಡು ಕುರ್ಚಿ. ಫಹ್ಮಿದಾ ಅವರದು ಸ್ಪೀಕರಿಗೆ ಹತ್ತಿರ ಎಂಬುದನ್ನು ಅನಸೂಯ ನನಗೆ ಎರಡು ಸಲ ಹೇಳಿದರು. ಕಣ್ಣಿಗೆ ಹೊಸ ಲೆನ್ಸ್ ಬಂದ ಮೇಲೆ ಫಹ್ಮಿದಾ ಇನ್ನೂ ಸಣ್ಣ ತಂತಿ ಸುತ್ತುತ್ತಾರಂತೆ. "ಆಪರೇಷನ್ನಿಗೆ ನಾನೇ ಕೈ ಹಿಡಿದು ಕರ್ಕೊಂಡು ಹೋದೆ. ಈಗ ನೋಡಿ!"

ಹೊರಡುವಾಗ, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಬೀದಿಯಲ್ಲಿ ಬಸ್ಸುಗಳು ಶುರುವಾಗಿದ್ದವು. ಅನಸೂಯ ಸುರುಳಿಯನ್ನು ಹತ್ತಿಯಲ್ಲಿಟ್ಟು ಡಬ್ಬಿ ಮುಚ್ಚಿ, ಬಾಗಿಲವರೆಗೆ ಬಂದು, ಗಂಡನಿಗೆ ಕೇಳದ ಹಾಗೆ ದನಿ ತಗ್ಗಿಸಿದರು.

"ಬರೀವಾಗ ಅವಳ ಹೆಸರೂ ಹಾಕಿ ಸಾರ್, ಬೇಡ ಅನ್ನಲ್ಲ. ನನಗೆ ಹೇಳ್ಕೊಟ್ಟೋಳು ಅವಳೇ. ಆದ್ರೆ ನನ್ನ ಹೆಸರಿಗಿಂತ ಒಂದು ಸಲ ಕಮ್ಮಿ ಇರ್ಲಿ."